ಕಚ್ಚು: ಹಲ್ಲಿನಿಂದ ರಟ್ಟಿನವರೆಗೆ

ಬಾಯಿ ಹಾಕಿ ಹಿಡಿಯುವ ಕೆಲಸಕ್ಕೆ ಕನ್ನಡದಲ್ಲಿ ಎರಡು ಹಳೆಯ ಪದಗಳಿವೆ. ಒಂದು ‘ಕಡಿ’, ಇನ್ನೊಂದು ‘ಕಚ್ಚು’. ಸೊಳ್ಳೆ ಕಡಿಯುತ್ತದೆ, ಇರುವೆ ಕಡಿಯುತ್ತದೆ. ನಾಯಿ ಕಚ್ಚುತ್ತದೆ, ಹಾವು ಕಚ್ಚುತ್ತದೆ. ಕೆಲವು ಕಡೆ ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಿದರೂ ಯಾರಿಗೂ ಗೊಂದಲವಾಗದು. ಆದರೆ ಬಾಯಿಯಿಂದ ಹೊರಗೆ ಬಂದ ಮೇಲೆ ಎರಡೂ ಎದುರುಬದುರು ದಾರಿ ಹಿಡಿದವು. ‘ಕಡಿ’ ಬೇರ್ಪಡಿಸುವ ಕಡೆಗೆ ಹೋಯಿತು: ಮರ ಕಡಿ, ಕಟ್ಟಿಗೆ ಕಡಿ, ಸಂಬಳದಲ್ಲಿ ಕಡಿತ, ನೀರಿನ ಸಂಪರ್ಕ ಕಡಿತ. ‘ಕಚ್ಚು’ ಕೂಡಿಸುವ ಕಡೆಗೆ ಬಂತು: ಹೂವು ಉದುರಿ ಕಾಯಿ ಕಚ್ಚುತ್ತದೆ, ಹಲ್ಲುಗಾಲಿಗಳು ಒಂದನ್ನೊಂದು ಕಚ್ಚಿ ತಿರುಗುತ್ತವೆ, ಹಲಗೆಗೆ ಹಲಗೆ ಕಚ್ಚಿ ನಿಲ್ಲುತ್ತದೆ.

ಅಂಟಿಲ್ಲದೆ, ಮೊಳೆಯಿಲ್ಲದೆ, ಬರಿಯ ಸೀಳುಗಳಿಂದ ರಟ್ಟಿನ ಹೋಳುಗಳನ್ನು ಒಂದಕ್ಕೊಂದು ಸಿಕ್ಕಿಸಿ ಆನೆ, ಕುದುರೆ, ಮನುಷ್ಯನ ಮುಖ, ಕಟ್ಟಡ ಎಲ್ಲವನ್ನೂ ಎಬ್ಬಿಸುವ ಕಲೆ ಈಗ ಶಾಲೆಯ ಪ್ರಯೋಗಶಾಲೆಯಿಂದ ವಾಸ್ತುಶಿಲ್ಪದ ಕಾಲೇಜಿನವರೆಗೆ ಹರಡಿದೆ. ಮೊದಲು ಕಂಪ್ಯೂಟರಿನಲ್ಲಿ ಆಕಾರ ಬರೆದು, ತಂತ್ರಾಂಶದಿಂದ ಅದನ್ನು ಹೋಳು ಮಾಡಿಸಿ, ಆಮೇಲೆ ರಟ್ಟು ಕತ್ತರಿಸುತ್ತಾರೆ. ಆ ಸೀಳನ್ನು ಎಲ್ಲರೂ ‘ಸ್ಲಾಟ್’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೊಂದು ಪದ ಮೊದಲಿನಿಂದಲೂ ಇದೆ. ಅದೇ ಕಚ್ಚು. ಹಳಗನ್ನಡದಿಂದ ಕುಂದಾಪುರದ ಅಂಗಳದವರೆಗೆ ಈ ಪದ ನಡೆದು ಬಂದ ದಾರಿ ದೊಡ್ಡದು.

ಹಳಗನ್ನಡದಲ್ಲಿ ಇದರ ರೂಪ ‘ಕರ್ಚು’. ನಡುವಿನ ರಕಾರ ಕರಗಿ ಮುಂದಿನ ವ್ಯಂಜನ ಇಮ್ಮಡಿಯಾಗುವುದು ಕನ್ನಡ ನಡೆದು ಬಂದ ಹಾದಿಯ ದೊಡ್ಡ ನಿಯಮಗಳಲ್ಲಿ ಒಂದು. ಪೆರ್ಚು ಹೆಚ್ಚಾಯಿತು, ಕಿರ್ಚು ಕಿಚ್ಚಾಯಿತು, ಮರ್ದು ಮದ್ದಾಯಿತು, ಇರ್ದ ಇದ್ದ ಆಯಿತು. ಅದೇ ಸಾಲಿನಲ್ಲಿ ಕರ್ಚು ಕಚ್ಚಾಯಿತು. ತೆಲುಗಿನಲ್ಲಿ ಇಂದಿಗೂ ಕಚ್ಚುವುದಕ್ಕೆ ‘ಕರಚು’ ಎನ್ನುತ್ತಾರೆ. ನಾವು ಕಳೆದುಕೊಂಡ ರಕಾರವನ್ನು ಅವರು ಉಳಿಸಿಕೊಂಡಿದ್ದಾರೆ. ನಮ್ಮ ಪಕ್ಕದ ತುಳು ಮಾತ್ರ ಇಲ್ಲಿ ಬೇರೆ ದಾರಿ ಹಿಡಿದು ‘ತುಚ್ಚು’ ಎನ್ನುತ್ತದೆ. ಬ್ರಹ್ಮಾವರದ ಸುತ್ತ ತುಳುವೂ ಕುಂದಾಪುರ ಸೀಮೆಯ ಆಡುನುಡಿಯಾದ ಕುಂದಾಪ್ರ ಕನ್ನಡವೂ ಒಂದೇ ಸಂತೆಯಲ್ಲಿ ಕೇಳಿಸುವ ಕಡೆ, ಒಂದೇ ನಾಯಿ ಒಬ್ಬರ ಬಾಯಲ್ಲಿ ತುಚ್ಚುತ್ತದೆ, ಇನ್ನೊಬ್ಬರ ಬಾಯಲ್ಲಿ ಕಚ್ಚುತ್ತದೆ. ಅಲ್ಲಿಂದ ಬಡಗಕ್ಕೆ ಕುಂದಾಪುರ, ಬೈಂದೂರಿನ ಕಡೆ ಹೋದರೆ ಪದದ ಕೊನೆಯ ಉಕಾರ ಸೊರಗುತ್ತದೆ. ಮಾತು ಚುಟುಕಾಗಿ ‘ನಾಯ್ ಕಚ್ತ್’ ಎಂದಾಗುತ್ತದೆ.

ಹಳಗನ್ನಡದಲ್ಲಿ ಇದೇ ಸದ್ದಿನ ಇನ್ನೊಂದು ‘ಕರ್ಚು’ ಇತ್ತು. ಅದರ ಅರ್ಥ ತೊಳೆ. ಅದರ ಮೂಲದಲ್ಲಿದ್ದದ್ದು ರಕಾರವಲ್ಲ, ಈಗ ನಮ್ಮ ಬರಹದಿಂದ ಮರೆಯಾಗಿರುವ ‘ೞ’ ಕಾರ. ತಮಿಳಿನ ‘ಕೞುವು’ ಇದರ ನೆಂಟ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞಕಾರದ ಪದಗಳನ್ನೇ ಬೇರೆಯಾಗಿ ಎತ್ತಿ ಹೇಳಿದ್ದು ಇಂಥ ಗೊಂದಲ ಆಗಲೇ ಶುರುವಾಗಿದ್ದರಿಂದ. ದಾನ ಕೊಡುವಾಗ ದಾನ ಪಡೆಯುವವರ ಕಾಲು ತೊಳೆಯುವುದನ್ನು ಶಾಸನಗಳು ‘ಕಾಲಂ ಕರ್ಚಿ’ ಎಂದು ಮತ್ತೆ ಮತ್ತೆ ಹೇಳುತ್ತವೆ. ಕಾಲು ಕಚ್ಚಿ ದಾನ ಕೊಟ್ಟರು ಎಂದು ಓದಿಕೊಂಡರೆ ಅನರ್ಥ. ಈ ‘ತೊಳೆ’ ಅರ್ಥದ ಕರ್ಚು ಕ್ರಿಯಾಪದವಾಗಿ ಮಾತಿನಿಂದ ಮರೆಯಾಯಿತು. ಆದರೆ ಹಟ್ಟಿಯಲ್ಲಿ ಬದುಕಿಕೊಂಡಿತು. ಅಕ್ಕಿ ತೊಳೆದ ನೀರಿಗೆ ಕರಾವಳಿಯಲ್ಲಿ ‘ಅಕ್ಕಚ್ಚು’ ಎನ್ನುತ್ತಾರೆ. ದನಕ್ಕೆ ಕುಡಿಯಲು ಇಡುತ್ತಾರೆ. ಗಟ್ಟದ ಮೇಲಿನವರ ‘ಕಲಗಚ್ಚು’ ಕೂಡ ಇದೇ ಮನೆತನದ್ದು. ಹೀಗೆ ಒಂದು ಕಾಲದ ಎರಡು ಬೇರೆ ಬೇರೆ ಪದಗಳು ಇಂದು ‘ಕಚ್ಚು’ ಎಂಬ ಒಂದೇ ಅಂಗಿಯೊಳಗೆ ಬಂದು ಕೂತಿವೆ.

ಇನ್ನೂ ಒಂದು ವಿಚಿತ್ರ ನಡೆಯಿತು. ಹಳೆಯ ‘ಕರ್ಚು’ ಖಾಲಿ ಮಾಡಿದ ಜಾಗಕ್ಕೆ ದೂರದಿಂದ ಬೇರೊಂದು ಪದ ಬಂದು ಕೂತಿತು. ಪಾರಸಿಯ ‘ಖರ್ಚ್’ ನಮ್ಮ ಜನರ ಬಾಯಲ್ಲಿ ‘ಕರ್ಚು’ ಆಯಿತು. ‘ಕೈ ಕರ್ಚು’ ಎಂದರೆ ಮಾಡಿದ ವೆಚ್ಚ, ‘ಕೈ ಕಚ್ಚಿತು’ ಎಂದರೆ ವ್ಯಾಪಾರದಲ್ಲಿ ಆದ ನಷ್ಟ. ಎರಡೂ ದುಡ್ಡಿನ ಮಾತೇ. ಆದರೆ ಒಂದು ಪರ್ಷಿಯಾದ್ದು, ಇನ್ನೊಂದು ನಮ್ಮದು. ಸದ್ದು ನೋಡಿ ಸಂಬಂಧ ಕಟ್ಟಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಯಕ್ಷಗಾನದ ವೇಷಧಾರಿ ಕಟ್ಟುವ ‘ಕಚ್ಚೆ’ ಸಂಸ್ಕೃತದ ಕಡೆಯಿಂದ ಬಂದದ್ದು, ‘ಕಚ್ಚಾ’ ಮಾಲು ಹಿಂದಿಯ ಕಡೆಯಿಂದ. ಗೋಡೆಗೆ ಮೆತ್ತುವ ‘ಗಚ್ಚು’ ಕೂಡ ಈ ಮನೆಯದಲ್ಲ. ಇವುಗಳನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವ ಹಲ್ಲಿನ ‘ಕಚ್ಚು’ ಒಂದರದ್ದೇ ಕತೆ ಸಾಕಷ್ಟು ಉದ್ದವಿದೆ.

ಹಲ್ಲಿನಿಂದ ಅದು ಹೊರಟದ್ದು ಹೇಗೆ? ಕಚ್ಚಿದಾಗ ಮೂರು ಸಂಗತಿಗಳು ಒಟ್ಟಿಗೆ ಆಗುತ್ತವೆ. ನೋವಾಗುತ್ತದೆ, ಹಿಡಿತ ಸಿಗುತ್ತದೆ, ಗುರುತು ಉಳಿಯುತ್ತದೆ. ಪದದ ಅರ್ಥಗಳು ಈ ಮೂರು ಟಿಸಿಲುಗಳಲ್ಲಿ ಬೆಳೆದವು.

ನೋವಿನ ಟಿಸಿಲಿನಲ್ಲಿ ಕೈ ಕಚ್ಚುವ ವ್ಯಾಪಾರ, ಕಾಲು ಕಚ್ಚುವ ಹೊಸ ಚಪ್ಪಲಿ, ಒಬ್ಬರನ್ನೊಬ್ಬರು ನೋಯಿಸುವ ಕಚ್ಚಾಟ ಬಂದವು. ಹಿಡಿತದ ಟಿಸಿಲು ಇದಕ್ಕಿಂತ ಹುಲುಸು. ಹಲ್ಲು ಕಚ್ಚಿ ಸಹಿಸುವುದು, ನಾಲಿಗೆ ಕಚ್ಚಿಕೊಳ್ಳುವುದು ಬಾಯಿಯ ಹತ್ತಿರವೇ ಉಳಿದವು. ಗಾಳಿಗೆ ಬಿದ್ದ ಪೈರು ನೆಲ ಕಚ್ಚುತ್ತದೆ. ಅದೇ ಮಾತು ಪೇಟೆಯ ಧಾರಣೆಗೂ, ಸೋತ ಸಿನಿಮಾಕ್ಕೂ ಬಂತು. ಹೂವು ಉದುರಿ ಕಾಯಿ ನಿಂತರೆ ‘ಕಾಯಿ ಕಚ್ಚಿದೆ’ ಎನ್ನುತ್ತೇವೆ. ಇಲ್ಲಿ ನೋವಿನ ಸುಳಿವೂ ಇಲ್ಲ, ಬರಿಯ ಹಿಡಿತ. ಗಂಗೊಳ್ಳಿಯ ಅಳಿವೆಯಲ್ಲಿ ಗಾಳ ಹಾಕಿ ಕೂತವನಿಗೆ ಮೀನು ‘ಕಚ್ಚಿತು’ ಎಂದರೆ ಅದು ಸಂತೋಷದ ಸುದ್ದಿ.

ಮೂರನೆಯದು ಗುರುತಿನ ಟಿಸಿಲು. ನಮ್ಮ ಕತೆಗೆ ಇದೇ ಮುಖ್ಯ. ಹಲ್ಲು ಊರಿದ ಜಾಗದಲ್ಲಿ ತಗ್ಗು ಉಳಿಯುತ್ತದೆ. ಹಲ್ಲಿನ ಬದಲು ಕತ್ತಿಯಿಂದ, ಉಳಿಯಿಂದ ಅಂಥ ತಗ್ಗು ಮಾಡಿದರೂ ಅದು ‘ಕಚ್ಚು’. ಇಲ್ಲಿ ಪದ ಕ್ರಿಯೆಯಿಂದ ವಸ್ತುವಾಯಿತು. ತೆಂಗಿನ ಮರ ಹತ್ತುವವರಿಗೆ ಕಾಲೂರಲು ಕಾಂಡದ ಮೇಲೆ ಮಾಡಿದ ಗಾಯ ಕಚ್ಚು. ನೊಗದ ಹಗ್ಗ ಜಾರದಂತೆ ನೇಗಿಲಿನ ಈಸಿನ ತುದಿಯಲ್ಲಿ ಕಡಿದ ತಗ್ಗು ಕಚ್ಚು. ಕಂಬದ ತಲೆಯ ಮೇಲೆ ತೊಲೆ ಕೂರಲು ಆಚಾರಿ ತೆಗೆಯುವ ಗುಳಿ ಕಚ್ಚು. ಹೀಗೆ ಕಚ್ಚು ಎಂಬುದು ಹಿಡಿಯುವ ಕೆಲಸವೂ ಹೌದು, ಹಿಡಿಸಿಕೊಳ್ಳುವ ಜಾಗವೂ ಹೌದು. ಕಚ್ಚಿದೆ ಎಂದರೂ ಕಚ್ಚು, ಕಚ್ಚಿಸಿಕೊಳ್ಳಲು ಜಾಗ ಬಿಟ್ಟಿದೆ ಎಂದರೂ ಕಚ್ಚು.

ಇಲ್ಲೇ ‘ಕಡಿ’ ಮತ್ತು ‘ಕಚ್ಚು’ ಮತ್ತೆ ಭೇಟಿಯಾಗುತ್ತವೆ. ಮರ ಕಡಿಯದೆ ಕಚ್ಚಾಗದು. ತೆಗೆದು ಹಾಕಿದಷ್ಟೇ ಜಾಗದಲ್ಲಿ ಇನ್ನೊಂದು ಮರ ಬಂದು ಕೂರುತ್ತದೆ. ಅಂಟಿನಲ್ಲಿ ಏನನ್ನೋ ಸೇರಿಸಿ ಕೂಡಿಸುತ್ತೇವೆ, ಮೊಳೆಯಲ್ಲೂ ಅಷ್ಟೆ. ಕಚ್ಚಿನಲ್ಲಿ ಎರಡೂ ಕಡೆಯಿಂದ ಅಷ್ಟಷ್ಟು ಕಳೆದು ಕೂಡಿಸುತ್ತೇವೆ.

ಕೂಡಿಸುವ ಕೆಲಸಕ್ಕೆ ಕನ್ನಡದಲ್ಲಿ ಪದಗಳ ಬಡತನವಿಲ್ಲ. ಅಂಟು, ಬೆಸುಗೆ, ಹೊಲಿಗೆ, ಹೆಣಿಗೆ, ಗಂಟು, ಬೆಣೆ, ಕೀಲು, ಕಚ್ಚು. ಒಂದೊಂದೂ ಒಂದೊಂದು ಬಗೆಯ ಕೂಡಿಕೆ. ಕೀಲಿಗೂ ಕಚ್ಚಿಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕಿದ್ದರೆ ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿಗೆ ಹೋಗಬೇಕು. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಅಲ್ಲಿನ ಕಾಮತ್ ಮನೆತನ ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಯಕ್ಷಗಾನ ಸೂತ್ರದ ಗೊಂಬೆಯಾಟ ಕೊಗ್ಗ ಕಾಮತರ ಕಾಲದಲ್ಲಿ ಊರಾಚೆಗೂ ಹೆಸರಾಯಿತು. ಮರದ ಗೊಂಬೆಯ ಕೈಕಾಲು ಸೂತ್ರಕ್ಕೆ ತಕ್ಕಂತೆ ಆಡುವುದು ಕೀಲುಗಳಿಂದ. ಕೀಲು ಸಂಸ್ಕೃತದ ‘ಕೀಲ’ದಿಂದ ಬಂದದ್ದು, ಬಿಡಿಭಾಗಗಳನ್ನು ಕೂಡಿಸಿಯೂ ಆಡಲು ಬಿಡುತ್ತದೆ. ಕಚ್ಚಿಗೆ ಆ ಸಡಿಲ ಕೂಡದು. ಅಲ್ಲಾಡದಂತೆ ಹಿಡಿಯುವುದೇ ಅದರ ಧರ್ಮ. ಕುಣಿಯಬೇಕಾದ ಗೊಂಬೆಗೆ ಕೀಲು, ನಿಲ್ಲಬೇಕಾದ ಮನೆಗೆ ಕಚ್ಚು.

ಮನೆಯ ಮಾತು ಬಂದಾಗ ಮಾಡಿನ ಮಾತು ಬರಲೇಬೇಕು. ನಮ್ಮ ಕರಾವಳಿಯ ಮನೆಗಳ ತಲೆಯ ಮೇಲೆ ಕೂತಿರುವ ಮಂಗಳೂರು ಹೆಂಚು ಕಚ್ಚಿನ ದೊಡ್ಡ ಗೆಲುವು. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚನ್ನು 1841ರ ಹೊತ್ತಿಗೆ ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ದೊನಿ ಸಹೋದರರು ರೂಪಿಸಿದರು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಮುಂದೆ ಮಲ್ಪೆಯಲ್ಲಿ, ಕುಂದಾಪುರದ ಆಸುಪಾಸಿನ ಹೊಳೆದಂಡೆಗಳಲ್ಲಿ ಕಾರ್ಖಾನೆಗಳು ಎದ್ದವು. ಆವೆಮಣ್ಣು, ಸೌದೆ, ಸಾಗಿಸಲು ಹೊಳೆಯ ನೀರು ಮೂರೂ ಇಲ್ಲಿ ಕೈಗೆಟುಕುತ್ತಿದ್ದವು. ಹೆಂಚಿನ ಅಡಿಯಲ್ಲಿ ಎರಡು ಗುಬುಟುಗಳಿರುತ್ತವೆ. ಅವು ಪಕ್ಕಾಸಿನ ಮೇಲೆ ಬಡಿದ ರೀಪನ್ನು ಕಚ್ಚುತ್ತವೆ. ಬದಿಯ ಏಣು ಪಕ್ಕದ ಹೆಂಚಿನ ತೋಡಿನಲ್ಲಿ ಕೂರುತ್ತದೆ. ಆಷಾಢದ ಗಾಳಿ ಬೀಸಿದರೂ ಮಾಡು ಹಾರದು, ಜಡಿಮಳೆ ಹೊಡೆದರೂ ಸಂದಿಯಲ್ಲಿ ನೀರು ಇಳಿಯದು. ಮಾಡಿನ ಇಳಿಜಾರಿನಲ್ಲಿ ಹೆಂಚಿಗೆ ಹೆಂಚನ್ನು ಅಂಟಿಸುವ ಗಾರೆ ಎಂಬುದೇ ಇಲ್ಲ. ಒಂದು ಹೆಂಚು ಒಡೆದರೆ ಅದೊಂದನ್ನೇ ಎಳೆದು ಬೇರೆಯದನ್ನು ಸಿಕ್ಕಿಸಬಹುದು. ಅದೇ ಬಾಸೆಲ್ ಮಿಷನ್ನಿನ ಮಂಗಳೂರಿನ ಅಚ್ಚುಕೂಟದಿಂದ 1894ರಲ್ಲಿ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದಗಳ ಆ ಹೊತ್ತಗೆ ಕರ್ಚು–ಕಚ್ಚುಗಳ ನಂಟನ್ನು ದಾಖಲಿಸಿದೆ.

ಇನ್ನೂ ಹಿಂದಕ್ಕೆ ಹೋದರೆ ಕಚ್ಚು ಕಲ್ಲಿಗೂ ಏರಿದ್ದು ಕಾಣುತ್ತದೆ. ಬೈಂದೂರಿನಿಂದ ಬಡಗಕ್ಕೆ ಸಿಗುವ ಭಟ್ಕಳದಲ್ಲಿ ಹದಿನಾರನೆಯ ಶತಮಾನದ ಕೇತಪೈ ನಾರಾಯಣ ದೇವಾಲಯವಿದೆ. ಮರದ ಕಂಬ, ಹಲಗೆ, ಇಳಿಜಾರು ಮಾಡುಗಳ ಕಟ್ಟೋಣವನ್ನು ಅದು ಕಲ್ಲಿನಲ್ಲೇ ಅನುಕರಿಸುತ್ತದೆ. ಬ್ರಹ್ಮಾವರ ತಾಲೂಕಿನ ಬಾರಕೂರಿನ ಕತ್ತಲೆ ಬಸದಿಯಲ್ಲೂ ಇಳಿಜಾರಾದ ಕಲ್ಲಿನ ಮಾಡಿದೆ. ಈ ಸೀಮೆಯ ಶಿಲ್ಪಿಗೆ ಮೊದಲ ಪಾಠ ಹೇಳಿದವನು ಮರದ ಆಚಾರಿ ಎಂಬುದಕ್ಕೆ ಇವು ಸಾಕ್ಷಿ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಡೆಯುವ ನಾಡಿನಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ಅಂಟು ಬಿಡುತ್ತದೆ. ಮರ ಮಾತ್ರ ನೀರು ಕುಡಿದು ಉಬ್ಬಿ ಕಚ್ಚನ್ನು ಇನ್ನಷ್ಟು ಬಿಗಿಮಾಡುತ್ತದೆ.

ಈಗ ರಟ್ಟಿಗೆ ಬರೋಣ. ಪುಸ್ತಕಕ್ಕೆ ರಟ್ಟು ಹಾಕಿಸುವ ಕಾಲದಿಂದ ಈ ಪದ ನಮಗೆ ಬಳಕೆಯದು. ಇಂದು ಅಂಗಡಿಯ ಹಿಂದೆ ರಾಶಿ ಬಿದ್ದಿರುವ ಪೆಟ್ಟಿಗೆಯ ರಟ್ಟು ಬೇರೆ ಬಗೆಯದು: ಎರಡು ಸಪಾಟು ಹಾಳೆ, ನಡುವೆ ಅಲೆಅಲೆಯಾದ ಒಂದು ಹಾಳೆ. ಈ ಅಲೆಯ ಕಾಗದಕ್ಕೆ ಇಂಗ್ಲೆಂಡಿನಲ್ಲಿ 1856ರಲ್ಲಿ ಹಕ್ಕುಪತ್ರ ಸಿಕ್ಕಿತು. ಆಗ ಅದನ್ನು ಬಳಸಿದ್ದು ಎತ್ತರದ ಟೋಪಿಗಳ ಒಳಗೆ. 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಬಾಟಲಿ, ಚಿಮಣಿಗಾಜು ಒಡೆಯದಂತೆ ಸುತ್ತಲು ಬಳಸಿದರು. ಮೂರು ಪದರದ ರಟ್ಟಿನ ದಪ್ಪ ಸಾಮಾನ್ಯವಾಗಿ 3 ಮಿಲಿಮೀಟರಿನ ಆಸುಪಾಸು. ಹಗುರ, ಅಗ್ಗ, ಕತ್ತಿಗೆ ಬಗ್ಗುತ್ತದೆ, ಅಲೆಯ ದಿಕ್ಕಿನಲ್ಲಿ ನಿಲ್ಲಿಸಿದರೆ ಭಾರ ಹೊರುತ್ತದೆ. ಬಾಟಲಿ ತುಂಬಿದ ಪೆಟ್ಟಿಗೆಯ ಒಳಗೆ ಇಣುಕಿ ನೋಡಿ: ಅಡ್ಡ ರಟ್ಟು, ಉದ್ದ ರಟ್ಟು ಒಂದನ್ನೊಂದು ಅರ್ಧರ್ಧ ಕಚ್ಚಿ ನಿಂತಿರುತ್ತವೆ. ರಟ್ಟಿನ ಶಿಲ್ಪದ ಗುಟ್ಟೆಲ್ಲ ಆ ಒಂದು ಜೋಡಣೆಯಲ್ಲಿದೆ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1952ರಲ್ಲಿ ಹೊರತಂದ ಆಟದ ಎಲೆಗಳಲ್ಲಿ ಪ್ರತಿ ಎಲೆಗೂ ಆರು ಕಚ್ಚುಗಳಿದ್ದವು. ಹೇಗೆ ಬೇಕಾದರೂ ಸಿಕ್ಕಿಸಿ ಗೋಪುರ ಕಟ್ಟಬಹುದಿತ್ತು. ಮಕ್ಕಳ ಆಟಿಕೆಯಾಗಿ ಬಂದದ್ದು ವಿನ್ಯಾಸದ ಪಾಠವಾಗಿ ಉಳಿಯಿತು.

ತಂತ್ರಾಂಶ ಮಾಡಿದ್ದೇನೆಂದರೆ, ಚೌಕದ ಪೆಟ್ಟಿಗೆಯ ಒಳಗಿದ್ದ ಈ ಕಚ್ಚನ್ನು ಯಾವ ಆಕಾರಕ್ಕೂ ಹೊಂದುವಂತೆ ಲೆಕ್ಕಹಾಕಿ ಕೊಟ್ಟದ್ದು. ಆಟೊಡೆಸ್ಕ್ ಕಂಪನಿಯ ‘123ಡಿ ಮೇಕ್’ ಎಂಬ ಉಚಿತ ತಂತ್ರಾಂಶ ಈ ದಾರಿಯನ್ನು ಜನಸಾಮಾನ್ಯರಿಗೆ ತೆರೆಯಿತು. ಅದು ನಿಂತ ಮೇಲೂ ಕ್ರಮ ಉಳಿದಿದೆ. ಬ್ಲೆಂಡರ್, ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶಗಳಲ್ಲಿ ಅದೇ ಕೆಲಸವನ್ನು ಮಾಡಿಕೊಳ್ಳಬಹುದು. ಶಾಲಾಮಕ್ಕಳು ಟಿಂಕರ್‌ಕ್ಯಾಡ್‌ನಲ್ಲಿ ಶುರುಮಾಡಬಹುದು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆರನೆಯ ತರಗತಿಯಿಂದ ಮೇಲಿನ ಮಕ್ಕಳ ಕೈಗೆ ಇಂಥ ಸಲಕರಣೆ ತಲುಪಿಸಲೆಂದೇ ಬಂದದ್ದು.

ಕಂಬಳದ ಕೋಣವೊಂದನ್ನು ರಟ್ಟಿನಲ್ಲಿ ಎಬ್ಬಿಸಬೇಕು ಎಂದುಕೊಳ್ಳಿ. ಮೊದಲು ತೆರೆಯ ಮೇಲೆ ಕೋಣದ ಮೈಯನ್ನು ಮೂರು ಆಯಾಮದಲ್ಲಿ ರೂಪಿಸಬೇಕು. ಆಮೇಲೆ ಅದನ್ನು ಮೂತಿಯಿಂದ ಬಾಲದವರೆಗೆ ಉದ್ದುದ್ದ ಕೆಲವು ಹೋಳು, ಎದೆಯಿಂದ ಚಪ್ಪೆಯವರೆಗೆ ಅಡ್ಡಡ್ಡ ಕೆಲವು ಹೋಳು ಮಾಡಬೇಕು. ಉದ್ದದ ಹೋಳು ಬೆನ್ನುಮೂಳೆಯ ಕೆಲಸ ಮಾಡುತ್ತದೆ, ಅಡ್ಡ ಹೋಳುಗಳು ಪಕ್ಕೆಲುಬಿನ ಕೆಲಸ. ಇವು ಎಲ್ಲೆಲ್ಲಿ ಹಾಯುತ್ತವೆಯೋ ಅಲ್ಲೆಲ್ಲ ಕಚ್ಚು ಬೇಕು. ಎರಡು ಹೋಳುಗಳು ಹಾಯುವ ಗೆರೆಯ ಎತ್ತರ 24 ಸೆಂಟಿಮೀಟರ್ ಇದ್ದರೆ ಉದ್ದದ ಹೋಳಿಗೆ ಮೇಲಿನಿಂದ 12, ಅಡ್ಡ ಹೋಳಿಗೆ ಕೆಳಗಿನಿಂದ 12 ಸೆಂಟಿಮೀಟರ್ ಕಚ್ಚು. ಎರಡರ ಮೊತ್ತ ಗೆರೆಯ ಎತ್ತರಕ್ಕಿಂತ ಕಡಿಮೆಯಾದರೆ ಹೋಳು ಪೂರ್ತಿ ಇಳಿಯದೆ ತಲೆ ಎತ್ತಿ ನಿಲ್ಲುತ್ತದೆ. ಹೆಚ್ಚಾದರೆ ಬೇಕಾದದ್ದಕ್ಕಿಂತ ಕೆಳಗೆ ಇಳಿಯುತ್ತದೆ, ಹಿಡಿತವೂ ಕಡಿಮೆಯಾಗುತ್ತದೆ.

ಕಚ್ಚಿನ ಅಗಲದ ಲೆಕ್ಕ ಇನ್ನೂ ಸೂಕ್ಷ್ಮ. ಹೋಳುಗಳು ನೇರ ಅಡ್ಡವಾಗಿ, ಅಂದರೆ 90 ಡಿಗ್ರಿಯಲ್ಲಿ ಹಾಯ್ದರೆ ಕಚ್ಚಿನ ಅಗಲ ರಟ್ಟಿನ ದಪ್ಪದಷ್ಟೇ: 3 ಮಿಲಿಮೀಟರ್ ರಟ್ಟಿಗೆ 3 ಮಿಲಿಮೀಟರ್. ಕೋನ 60 ಡಿಗ್ರಿಯಾದರೆ ಅದೇ ರಟ್ಟಿಗೆ ಸುಮಾರು 5.2 ಮಿಲಿಮೀಟರ್ ಬೇಕು, 45 ಡಿಗ್ರಿಗೆ ಸುಮಾರು 7.2. ಓರೆಯಾಗಿ ನುಗ್ಗುವ ಹಲಗೆ ಹೆಚ್ಚು ಜಾಗ ಕೇಳುತ್ತದೆ. ಕಚ್ಚಿನ ಅಂಚನ್ನೇ ಓರೆಯಾಗಿ ಕಡಿಯಲು ಬಲ್ಲ ಆಚಾರಿಗೆ ಮರದಲ್ಲಿ ಅಷ್ಟು ಅಗಲ ಬೇಡ. ನೇರಕ್ಕೆ ಮಾತ್ರ ಕತ್ತರಿಸುವ ಯಂತ್ರಕ್ಕೆ ಬೇಕು. ಲೇಸರ್ ಕಿರಣ ಕತ್ತರಿಸುವಾಗ ಕೂದಲೆಳೆಯಷ್ಟು ಅಗಲವನ್ನು ಸುಟ್ಟು ತಿನ್ನುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕಚ್ಚು ಸಡಿಲವಾಗುತ್ತದೆ. ಅಲೆಯ ರಟ್ಟು ಒತ್ತಿದರೆ ಕುಗ್ಗುವುದರಿಂದ ಕಚ್ಚನ್ನು ದಪ್ಪಕ್ಕಿಂತ ಒಂದಿಷ್ಟು ಕಿರಿದಾಗಿಯೇ ಇಡುವವರಿದ್ದಾರೆ. ಆಗ ರಟ್ಟು ರಟ್ಟನ್ನು ನಿಜವಾಗಿ ಕಚ್ಚುತ್ತದೆ.

ಇಷ್ಟಾದರೂ ಸಮಸ್ಯೆ ಮುಗಿಯದು. ಕೋಣದ ಕೊಂಬು ಬದಿಗೆ ಚಾಚಿ ಹಿಂದಕ್ಕೆ ಬಾಗುತ್ತದೆ. ಅಡ್ಡ–ಉದ್ದದ ಹೋಳುಗಳಲ್ಲಿ ಅದು ತುಂಡಾಗಿ, ಮೈಗೆ ಅಂಟದ ಚೂರಾಗಿ ಉಳಿಯುತ್ತದೆ. ಅದಕ್ಕೆ ಬೇರೆ ಹೋಳು, ತಲೆಯ ಹೋಳಿನಲ್ಲಿ ಬೇರೆ ಕಚ್ಚು. ಯಾವುದನ್ನು ಮೊದಲು ಸಿಕ್ಕಿಸಬೇಕು, ಯಾವುದನ್ನು ಕೊನೆಗೆ ಎಂಬ ಸರದಿಯೂ ಇದೆ. ಒಂದು ಹೋಳು ಎರಡು ಬೇರೆ ಬೇರೆ ದಿಕ್ಕಿನ ಕಚ್ಚುಗಳಿಗೆ ಒಟ್ಟಿಗೆ ಇಳಿಯಲಾರದು. ತೆರೆಯ ಮೇಲೆ ಚೆಂದ ಕಂಡ ವಿನ್ಯಾಸ ಕೈಯಲ್ಲಿ ಜೋಡಿಸಲು ಬರದೆ ಹೋಗುವುದು ಇಲ್ಲೇ. ತಂತ್ರಾಂಶ ಎಲ್ಲಿ ಹಾಯುತ್ತದೆ ಎಂದು ಹೇಳಬಲ್ಲದು, ಎಷ್ಟು ಅಗಲ ಎಂದು ಹೇಳಬಲ್ಲದು. ಜೋಡಿಸುವ ಸರದಿಯನ್ನು ಮಾಡುವವರು ಮನಸ್ಸಿನಲ್ಲೇ ಕಟ್ಟಿ ನೋಡಬೇಕು. ಮನೆಯ ಮಾಡನ್ನು ನೆಲದ ಮೇಲೆ ಜೋಡಿಸಿ, ಗುರುತು ಹಾಕಿ, ಬಿಚ್ಚಿ, ಮೇಲೆ ಏರಿಸುತ್ತಿದ್ದ ಆಚಾರಿಗಳಿಗೆ ಈ ವಿದ್ಯೆ ಹೊಸದಲ್ಲ. ಅವರು ಮರದ ಮೇಲೆ ಗುರುತು ಹಾಕುತ್ತಿದ್ದರು. ಈಗ ರಟ್ಟಿನ ಹೋಳಿನ ಮೇಲೆ ಅಂಕಿ ಅಚ್ಚಾಗಿ ಬರುತ್ತದೆ.

ಇದೇ ತತ್ತ್ವ ರಟ್ಟನ್ನು ದಾಟಿ ಊರಗಲದ ಕಟ್ಟಡಕ್ಕೂ ಹೋಗಿದೆ. ಸ್ಪೇನಿನ ಸೆವಿಲ್ ನಗರದ ಚೌಕದಲ್ಲಿ 2011ರಲ್ಲಿ ಪೂರ್ಣಗೊಂಡ ‘ಮೆಟ್ರೊಪೋಲ್ ಪ್ಯಾರಾಸೋಲ್’ ಎಂಬ ಬೃಹತ್ ಮರದ ಚಪ್ಪರ ಅಡ್ಡ–ಉದ್ದದ ಹೋಳುಗಳ ಈ ಜಾಲರಿಯದೇ ರೂಪ. ಅಷ್ಟು ದೊಡ್ಡದಕ್ಕೆ ಬರಿಯ ಕಚ್ಚು ಸಾಲದೆ ಉಕ್ಕು, ಅಂಟುಗಳ ನೆರವೂ ಬೇಕಾಯಿತು. ಆದರೆ ಆಕಾರ ಹುಟ್ಟಿದ್ದು ಹೋಳುಗಳು ಒಂದನ್ನೊಂದು ಹಾಯುವ ಲೆಕ್ಕದಿಂದಲೇ.

ಹೀಗಿರುವಾಗ ಈ ಸೀಳನ್ನು ಕನ್ನಡದಲ್ಲಿ ಏನೆನ್ನಬೇಕು? ‘ಸ್ಲಾಟ್’ ಎಂದರೆ ಸಾಲದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ. ಸ್ಲಾಟ್ ಎಂದರೆ ಇಂದು ಕನ್ನಡದ ಮಗುವಿಗೆ ಸಮಯದ ಸ್ಲಾಟ್ ನೆನಪಾಗುತ್ತದೆ, ಬುಕ್ ಮಾಡಬೇಕಾದದ್ದು ನೆನಪಾಗುತ್ತದೆ. ಅದರಲ್ಲಿ ಖಾಲಿ ಜಾಗವಿದೆ, ಹಿಡಿತವಿಲ್ಲ. ಕಚ್ಚು ಎಂದೊಡನೆ ಆಳ, ಅಗಲ, ಬಿಗಿ ಮೂರೂ ಒಟ್ಟಿಗೆ ಹೊಳೆಯುತ್ತವೆ. ಸಡಿಲವಾದ ಕಚ್ಚು ಕಚ್ಚೇ ಅಲ್ಲ ಎಂಬುದು ಪದದಲ್ಲೇ ಅಡಗಿದೆ. ‘ಎರಡೂ ಹೋಳುಗಳು ಅರ್ಧರ್ಧ ಕಚ್ಚಿಕೊಳ್ಳುತ್ತವೆ’ ಎಂದು ಹೇಳಿದರೆ ಆರನೆಯ ತರಗತಿಯ ಮಗುವಿಗೆ ಚಿತ್ರ ಬರೆಯದೆಯೂ ಅರ್ಥವಾಗುತ್ತದೆ. ವ್ಯಾಕರಣವೂ ನೆರವಿಗೆ ಬರುತ್ತದೆ. ‘ಕಚ್ಚಾಡು’ ಎಂದರೆ ಜಗಳ, ‘ಕಚ್ಚಿಕೊ’ ಎಂದರೆ ಬಿಡದ ಹಿಡಿತ, ‘ಕಚ್ಚಿಸು’ ಎಂದರೆ ಜೋಡಿಸುವವನ ಕೆಲಸ. ಒಂದೇ ಧಾತುವಿನಿಂದ ವಿನ್ಯಾಸದ ಪಾಠಕ್ಕೆ ಬೇಕಾದ ಕ್ರಿಯಾಪದಗಳೆಲ್ಲ ಸಿಗುತ್ತವೆ. ‘ಸ್ಲಾಟ್’ ಪಕ್ಕದಲ್ಲಿ ‘ಮಾಡು’, ‘ಹಾಕು’ ಎಂದು ಊರುಗೋಲು ಕೊಡಬೇಕಾದ ಸ್ಥಿತಿ ಇಲ್ಲಿಲ್ಲ.

ಇದು ಪರಭಾಷೆಯ ಪದಗಳ ಮೇಲಿನ ಮುನಿಸಲ್ಲ. ‘ರೀಪು’ ಇಂಗ್ಲಿಷಿನಿಂದ ಬಂದು ನಮ್ಮ ಮಾಡಿನ ಮೇಲೆ ಒಂದು ಶತಮಾನದಿಂದ ಕೂತಿದೆ, ಅದನ್ನು ಎಬ್ಬಿಸಬೇಕಿಲ್ಲ. ಲೇಸರ್ ಲೇಸರಾಗಿಯೇ ಇರಲಿ, ತಂತ್ರಾಂಶಗಳ ಹೆಸರು ಹಾಗೆಯೇ ಇರಲಿ. ಆದರೆ ನಮ್ಮಲ್ಲಿ ಕೆಲಸವೂ ಪದವೂ ಎರಡೂ ಇದ್ದಾಗ, ಹೊಸ ಸಲಕರಣೆ ಬಂತೆಂದು ಪದವನ್ನು ಬಿಟ್ಟುಕೊಡುವುದರಿಂದ ಆಗುವ ನಷ್ಟ ದೊಡ್ಡದು. ಪದದೊಂದಿಗೆ ಅದರ ಹಿಂದಿನ ಕೈಕೆಲಸದ ನೆನಪೂ ಕಳಚಿಹೋಗುತ್ತದೆ. ಕಂಪ್ಯೂಟರಿನಲ್ಲಿ ರಟ್ಟಿನ ಕೋಣ ಕಟ್ಟುವ ಹುಡುಗಿಗೆ ತನ್ನ ಅಜ್ಜನ ಮನೆಯ ಮಾಡು, ತೆಂಗಿನ ಮರದ ಗುರುತು, ನೇಗಿಲಿನ ಈಸು ಇವೆಲ್ಲ ಅದೇ ವಿದ್ಯೆಯ ಹಿಂದಿನ ಪುಟಗಳೆಂದು ತಿಳಿಯುವುದು ಈ ಒಂದು ಪದದ ಮೂಲಕ.

ಈ ಸೀಮೆಗೆ ಪದಗಳನ್ನು ಉಳಿಸಿಕೊಳ್ಳುವ ಕೆಲಸದ ಹಿರಿಯ ಪರಂಪರೆಯೇ ಇದೆ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡದಲ್ಲೇ ಬರೆದರು. ‘ಸಿರಿಗನ್ನಡ ಅರ್ಥಕೋಶ’ವನ್ನೂ ಕಟ್ಟಿದರು. ಉಡುಪಿಯವರಾದ ಪಾ.ವೆಂ. ಆಚಾರ್ಯರು ‘ಪದಾರ್ಥ ಚಿಂತಾಮಣಿ’ಯಲ್ಲಿ ಪದಗಳ ಬೆನ್ನುಹತ್ತುವುದನ್ನು ಸಾಮಾನ್ಯ ಓದುಗರ ಸಂತೋಷವಾಗಿಸಿದರು. ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿಯವರ ಮುಂದಾಳತನದಲ್ಲಿ ‘ಕುಂದಾಪ್ರ ಕನ್ನಡ ನಿಘಂಟು’ ಬಂದಿದೆ. ಆಸಾಡಿ ಅಮಾಸೆಯಂದು ಕುಂದಾಪ್ರ ಕನ್ನಡದ ದಿನವನ್ನು ಸಂಭ್ರಮದಿಂದ ಆಚರಿಸುತ್ತೇವೆ. ಆ ಸಂಭ್ರಮದಲ್ಲಿ ಹಾಡು, ನಗೆಮಾತು, ತಿಂಡಿಗಳ ಜೊತೆಗೆ ಕೆಲಸದ ಪದಗಳಿಗೂ ಒಂದು ಮಣೆ ಹಾಕಬೇಕು.

ಆದ್ದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳಲ್ಲಿ ರಟ್ಟು ಕತ್ತರಿಸುವ ಪಾಠ ಹೇಳುವ ಮೇಷ್ಟ್ರುಗಳಲ್ಲಿ ಮತ್ತು ಟೀಚರುಗಳಲ್ಲಿ ಒಂದು ಬಿನ್ನಹ. ತೆರೆಯ ಮೇಲೆ ಸೀಳು ಬರೆಯುವ ಮೊದಲ ದಿನವೇ ಮಕ್ಕಳಿಗೆ ‘ಕಚ್ಚು’ ಎಂದು ಹೇಳಿಕೊಡಿ. ಮರುವಾರ ಊರಿನ ಆಚಾರಿಯೊಬ್ಬರನ್ನು ತರಗತಿಗೆ ಕರೆಯಿರಿ. ಅವರು ಉಳಿ ಹಿಡಿದು ಕಚ್ಚು ತೆಗೆಯುವುದನ್ನು ಮಕ್ಕಳು ನೋಡಲಿ, ಅವರ ಬಾಯಿಂದ ಬರುವ ಒಂದೊಂದು ಜೋಡಣೆಯ ಹೆಸರನ್ನೂ ಬರೆದುಕೊಳ್ಳಲಿ. ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರು ‘ಸ್ಲಾಟ್’ ಎಂದಿರುವಲ್ಲಿ ‘ಕಚ್ಚು’ ಎಂದು ಹಾಕಲಿ. ಹಲ್ಲಿನಿಂದ ಮರಕ್ಕೆ, ಮರದಿಂದ ಕಲ್ಲು–ಹೆಂಚುಗಳಿಗೆ ಬಂದ ಪದ ರಟ್ಟಿಗೂ ಸಲ್ಲುತ್ತದೆ. ಬಳಸಬೇಕಾದವರು ನಾವು.